ಹೃದಯ ಕವಾಟದ ದುರಸ್ತಿಯಲ್ಲಿ ಯಂತ್ರಕಲಿಕೆ

ಎದೆಗೂಡನ್ನು ಪೂರ್ತಿ ತೆರೆಯದೆ, ತೊಡೆಸಂದಿನ ರಕ್ತನಾಳದ ಮೂಲಕ ಅಥವಾ ಪಕ್ಕೆಲುಬುಗಳ ನಡುವೆ ಮಾಡಿದ ಸಣ್ಣ ಸೀಳಿನ ಮೂಲಕ ಹೃದಯದ ಕವಾಟವನ್ನು ತಲುಪಿ ಸರಿಪಡಿಸುವ ಚಿಕಿತ್ಸೆಗಳಿವೆ. ರಕ್ತನಾಳದ ದಾರಿ ಹಿಡಿದಾಗ ಕವಾಟ ವೈದ್ಯರ ಕಣ್ಣಿಗೆ ನೇರವಾಗಿ ಕಾಣುವುದಿಲ್ಲ. ಶಬ್ದದಲೆಗಳಿಂದ ತೆಗೆಯುವ ಎಕೋ, ಎಕ್ಸ್-ರೇ, ಸಿ.ಟಿ. ಚಿತ್ರಗಳನ್ನು ನೋಡಿಯೇ ಅವರು ಕೈ ಆಡಿಸಬೇಕು. ಆ ಚಿತ್ರಗಳಲ್ಲಿ ಕವಾಟದ ದಳ, ಉಂಗುರ, ತಂತುಗಳನ್ನು ಗುರುತಿಸುವುದು, ಅಳೆಯುವುದು, ಯಾವ ರೋಗಿಗೆ ಯಾವ ಚಿಕಿತ್ಸೆ ಒಗ್ಗುತ್ತದೆ ಎಂದು ಅಂದಾಜಿಸುವುದು, ಉಪಕರಣದ ತುದಿ ಎಲ್ಲಿದೆ ಎಂದು ತೋರಿಸುವುದು ಈಗ ಸ್ವಲ್ಪ ಮಟ್ಟಿಗೆ ಯಂತ್ರಕಲಿಕೆಯಿಂದ ಆಗುತ್ತಿದೆ. ಸಾವಿರಾರು ಹಳೆಯ ಚಿತ್ರಗಳನ್ನೂ ಅವುಗಳ ಮೇಲೆ ತಜ್ಞರು ಹಾಕಿದ ಗುರುತುಗಳನ್ನೂ ನೋಡಿ ಕಲಿತ ಗಣಕ ತಂತ್ರಾಂಶವು ಹೊಸ ರೋಗಿಯ ಚಿತ್ರದಲ್ಲಿ ಅವೇ ಗುರುತುಗಳನ್ನು ತಾನೇ ಹಾಕುವುದು ಇದರ ತಿರುಳು.

ಕಾಯಿಲೆ

ಹೃದಯದ ನಾಲ್ಕು ಕವಾಟಗಳಲ್ಲಿ ಹೆಚ್ಚಾಗಿ ದುರಸ್ತಿಗೆ ಬರುವವು ಎಡಭಾಗದ ಎರಡು. ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಗಳ ನಡುವೆ ಇರುವುದು ಮೈಟ್ರಲ್ ಕವಾಟ. ಎಡ ಹೃತ್ಕುಕ್ಷಿಯಿಂದ ಮಹಾಪಧಮನಿ ಹೊರಡುವಲ್ಲಿ ಇರುವುದು ಅಯೋರ್ಟಿಕ್ ಕವಾಟ. ಕವಾಟ ಕೆಡುವ ಬಗೆ ಎರಡು: ಸರಿಯಾಗಿ ತೆರೆಯದೆ ಕಿರಿದಾಗುವುದು, ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುವುದು.

ಶ್ರೀಮಂತ ದೇಶಗಳಲ್ಲಿ ಕವಾಟದ ಕಾಯಿಲೆ ಬಹುಮಟ್ಟಿಗೆ ವಯಸ್ಸಾದವರದು. ಅಲ್ಲಿ ಅಯೋರ್ಟಿಕ್ ಕವಾಟಕ್ಕೆ ಸುಣ್ಣ ಕಟ್ಟುತ್ತದೆ, ಮೈಟ್ರಲ್ ಕವಾಟದ ದಳ ಸಡಿಲಗೊಂಡು ಜೋಲುತ್ತದೆ. ಕರ್ನಾಟಕದಲ್ಲಿ ಇವೆರಡರ ಜೊತೆಗೆ ಇನ್ನೊಂದು ಕಾಯಿಲೆ ಉಳಿದುಕೊಂಡಿದೆ, ಅದು ರುಮ್ಯಾಟಿಕ್ ಹೃದ್ರೋಗ. ಚಿಕ್ಕಂದಿನಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಅದಕ್ಕೆ ಸರಿಯಾದ ಔಷಧಿ ಸಿಗದಿದ್ದರೆ ಕೆಲವು ಮಕ್ಕಳಲ್ಲಿ ಕೆಲವು ವಾರಗಳ ನಂತರ ಕೀಲುನೋವು, ಜ್ವರ ಕಾಣಿಸಿಕೊಳ್ಳುತ್ತವೆ. ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆ ಹೃದಯದ ಕವಾಟವನ್ನೂ ಶತ್ರುವೆಂದು ಭ್ರಮಿಸಿ ಅದರ ಮೇಲೆ ಬೀಳುತ್ತದೆ. ವರ್ಷಗಳು ಕಳೆದಂತೆ ಮೈಟ್ರಲ್ ಕವಾಟದ ದಳಗಳು ದಪ್ಪವಾಗಿ, ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೆಳಗಿನ ತಂತುಗಳು ಗಿಡ್ಡವಾಗಿ ಗಂಟುಕಟ್ಟುತ್ತವೆ. ಆರೋಗ್ಯವಂತರಲ್ಲಿ 4ರಿಂದ 6 ಚದರ ಸೆಂ.ಮೀ. ಇರುವ ಕವಾಟದ ಬಾಯಿ 1.5 ಚದರ ಸೆಂ.ಮೀ.ಗೆ ಅಥವಾ ಅದಕ್ಕೂ ಕೆಳಗೆ ಇಳಿದರೆ ಕಾಯಿಲೆ ತೀವ್ರವಾಗಿದೆ ಎಂದು ಲೆಕ್ಕ.

ಈ ರೋಗಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಅದೂ ದುಡಿಯುವ ವಯಸ್ಸಿನವರು. ಎಷ್ಟೋ ಮಂದಿಗೆ ತಮ್ಮ ಕವಾಟ ಕಿರಿದಾಗಿದೆ ಎಂದು ಗೊತ್ತಾಗುವುದು ಬಸುರಿಯಾದಾಗ. ಆಗ ಮೈಯಲ್ಲಿನ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಎದೆಬಡಿತವೂ ಏರುತ್ತದೆ. ಕಿರಿದಾದ ಬಾಯಿಂದ ಅಷ್ಟು ರಕ್ತ ಹಾಯಲಾರದೆ ಶ್ವಾಸಕೋಶದಲ್ಲಿ ಒತ್ತಡ ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತದೆ.

ಬಲೂನ್ ಚಿಕಿತ್ಸೆ

ಕಿರಿದಾದ ಮೈಟ್ರಲ್ ಕವಾಟವನ್ನು ಎದೆ ತೆರೆಯದೆ ಬಿಡಿಸುವ ದಾರಿಯನ್ನು ಜಪಾನಿನ ಕಾಂಜಿ ಇನೋಯೆ 1980ರ ದಶಕದ ಆರಂಭದಲ್ಲಿ ಕಂಡುಕೊಂಡರು. ಅವರ ವರದಿ 1984ರಲ್ಲಿ ಪ್ರಕಟವಾಯಿತು. ತೊಡೆಸಂದಿನ ಅಭಿಧಮನಿಯಿಂದ ಕ್ಯಾತಿಟರ್ ಎಂಬ ತೆಳುವಾದ ಕೊಳವೆ ಹೊಗಿಸಿ ಬಲ ಹೃತ್ಕರ್ಣಕ್ಕೆ ತರುತ್ತಾರೆ. ಎರಡು ಹೃತ್ಕರ್ಣಗಳ ನಡುವಿನ ತೆಳುವಾದ ಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಕ್ಕೆ ದಾಟುತ್ತಾರೆ. ಮಡಿಚಿದ ಬಲೂನನ್ನು ಕವಾಟದ ಬಾಯಿಗೆ ಒಯ್ಯುತ್ತಾರೆ. ಬಲೂನಿನ ಮುಂಭಾಗ ಮೊದಲು ಉಬ್ಬಿ ಹೃತ್ಕುಕ್ಷಿಯ ಕಡೆ ಆನಿಸಿಕೊಳ್ಳುತ್ತದೆ, ಬಳಿಕ ಹಿಂಭಾಗ, ಕೊನೆಗೆ ನಡು. ನಡು ಉಬ್ಬಿದಾಗ ಅಂಟಿಕೊಂಡ ಅಂಚುಗಳು ಬಿಟ್ಟುಕೊಳ್ಳುತ್ತವೆ. ಬಲೂನು ಉಬ್ಬಿರುವುದು ಕೆಲವೇ ಕ್ಷಣ. ಎಲ್ಲ ಸುಸೂತ್ರವಾದರೆ ಒಂದೆರಡು ದಿನದಲ್ಲಿ ರೋಗಿ ಮನೆಗೆ ಹೋಗಬಹುದು. ಕವಾಟವನ್ನೇ ಬದಲಿಸಿ ಲೋಹದ ಕವಾಟ ಕೂರಿಸಿದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗುತ್ತಿರಬೇಕು. ಆ ದಿನವನ್ನು ವರ್ಷಗಟ್ಟಲೆ ಮುಂದೂಡುವುದು ಬಲೂನ್ ಚಿಕಿತ್ಸೆಯ ದೊಡ್ಡ ಉಪಕಾರ.

ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾದ ಸರ್ಕಾರಿ ಸ್ವಾಯತ್ತ ಆಸ್ಪತ್ರೆ. ಅದರ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಇನೋಯೆ ಮಾದರಿಯದೇ ಆದ ಅಕ್ಯುರಾ ಬಲೂನನ್ನು ಬಳಸುವ ವಿಧಾನವನ್ನು ರೂಢಿಗೆ ತಂದವರಲ್ಲಿ ಪ್ರಮುಖರು. ಯಂತ್ರಕಲಿಕೆಯ ಚರ್ಚೆಯಲ್ಲಿ ಈ ಅನುಭವಕ್ಕೆ ವಿಶೇಷ ಬೆಲೆಯಿದೆ. ಯಂತ್ರಕ್ಕೆ ಪಾಠವಾಗಬೇಕಾದ ಚಿತ್ರಗಳು, ಅವುಗಳ ಪಕ್ಕದಲ್ಲಿ ಬರೆದ ಫಲಿತಾಂಶಗಳು ಇರುವುದು ಇಂಥ ಆಸ್ಪತ್ರೆಗಳಲ್ಲಿಯೇ.

ಬಲೂನ್ ಹಾಕುವ ಮುನ್ನ ವೈದ್ಯರು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಈ ಕವಾಟ ಬಲೂನಿಗೆ ಬಗ್ಗುತ್ತದೆಯೇ? ಎಷ್ಟು ದೊಡ್ಡ ಬಲೂನು ಬೇಕು? ಮೊದಲನೆಯದಕ್ಕೆ 1988ರಲ್ಲಿ ಪ್ರಕಟವಾದ ವಿಲ್ಕಿನ್ಸ್ ಅಂಕ ಇಂದಿಗೂ ಬಳಕೆಯಲ್ಲಿದೆ. ದಳ ಎಷ್ಟು ಸಲೀಸಾಗಿ ಆಡುತ್ತದೆ, ಎಷ್ಟು ದಪ್ಪ, ಎಷ್ಟು ಸುಣ್ಣ ಕಟ್ಟಿದೆ, ಕೆಳಗಿನ ತಂತುಗಳು ಎಷ್ಟು ಕೆಟ್ಟಿವೆ ಎಂಬ ನಾಲ್ಕಕ್ಕೆ ಎಕೋ ನೋಡಿ ತಲಾ 1ರಿಂದ 4 ಅಂಕ ಕೊಡುತ್ತಾರೆ. ಒಟ್ಟು 8ರೊಳಗಿದ್ದರೆ ಒಳ್ಳೆಯ ಫಲ ನಿರೀಕ್ಷಿಸಬಹುದು. ಎರಡನೆಯದಕ್ಕೆ ಇನ್ನೂ ಸರಳ ಲೆಕ್ಕವಿದೆ: ರೋಗಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಹತ್ತರಿಂದ ಭಾಗಿಸಿ ಹತ್ತು ಕೂಡಿಸಿದರೆ ಬಲೂನಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. 160 ಸೆಂ.ಮೀ. ಎತ್ತರದ ಹೆಂಗಸಿಗೆ 26 ಮಿ.ಮೀ.

ಈ ಲೆಕ್ಕಗಳು ದಶಕಗಳಿಂದ ಲಕ್ಷಾಂತರ ಜನರ ಕೈ ಹಿಡಿದಿವೆ. ಆದರೆ ಅವು ಒರಟು ಲೆಕ್ಕಗಳು. ಒಂದೇ ಎಕೋ ನೋಡಿ ಇಬ್ಬರು ವೈದ್ಯರು ಬೇರೆ ಬೇರೆ ಅಂಕ ಕೊಡುವುದು ಅಪರೂಪವಲ್ಲ. ನಾಲ್ಕು ಅಂಶಗಳ ಮೊತ್ತ 8 ಬರುವ ದಾರಿ ಹಲವು. ದಳವೆಲ್ಲ ಒಂದೇ ಸಮ ದಪ್ಪವಾಗಿರುವ ಕವಾಟಕ್ಕೂ, ಒಂದು ಮೂಲೆಯಲ್ಲಿ ಮಾತ್ರ ಸುಣ್ಣ ಕಟ್ಟಿದ ಕವಾಟಕ್ಕೂ ಒಂದೇ ಅಂಕ ಬರಬಹುದು. ಎರಡನೆಯ ಕವಾಟದಲ್ಲಿ ಬಲೂನು ಉಬ್ಬಿದಾಗ ಸುಣ್ಣ ಕಟ್ಟಿದ ಮೂಲೆ ಬಿಡದೆ ಅದರ ಪಕ್ಕದ ದಳವೇ ಹರಿದು, ತುರ್ತಾಗಿ ಎದೆ ತೆರೆಯಬೇಕಾಗುವ ಸೋರಿಕೆ ಉಂಟಾಗಬಹುದು. ಯಂತ್ರಕಲಿಕೆಗೆ ನಿಜವಾದ ಕೆಲಸ ಇರುವುದು ಇಲ್ಲಿ. ಮೂರು ಆಯಾಮದ ಎಕೋ ಚಿತ್ರದಿಂದ ದಳದ ದಪ್ಪವನ್ನೂ ಸುಣ್ಣದ ಹರವನ್ನೂ ಜಾಗ ಜಾಗಕ್ಕೆ ಅಳೆದು, ಹಿಂದೆ ಇಂಥ ಕವಾಟ ಬಲೂನಿಗೆ ಹೇಗೆ ಬಿಟ್ಟುಕೊಂಡಿತ್ತು ಎಂಬ ದಾಖಲೆಯ ಆಧಾರದ ಮೇಲೆ ಅಪಾಯವನ್ನು ಮೊದಲೇ ಹೇಳುವುದು ತಾತ್ವಿಕವಾಗಿ ಸಾಧ್ಯ. ಅದಕ್ಕೆ ಬೇಕಾದ್ದು ರುಮ್ಯಾಟಿಕ್ ಕವಾಟಗಳ ದೊಡ್ಡ, ಗುರುತು ಹಾಕಿದ ಸಂಗ್ರಹ.

ಯಂತ್ರ ಕಲಿಯುವ ಬಗೆ

ಕವಾಟವನ್ನು ಚಿತ್ರದಲ್ಲಿ ತಾನಾಗಿ ಹುಡುಕುವ ಮೊದಲ ಗಟ್ಟಿ ಪ್ರಯತ್ನಗಳು 2000ದ ದಶಕದ ಕೊನೆಯಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದ ಸೀಮೆನ್ಸ್ ಸಂಶೋಧನಾ ಕೇಂದ್ರದಲ್ಲಿ ನಡೆದವು. ಮೂರು ಆಯಾಮದ ಚಿತ್ರದಲ್ಲಿ ಒಂದು ಅಂಗವನ್ನು ಹಿಡಿಯಬೇಕಾದರೆ ಅದರ ಸ್ಥಾನ, ಓರೆ, ಗಾತ್ರ ಎಂಬ ಮೂರನ್ನೂ, ಪ್ರತಿಯೊಂದನ್ನೂ ಮೂರು ದಿಕ್ಕಿನಲ್ಲಿ, ಅಂದರೆ ಒಂಬತ್ತು ಸಂಖ್ಯೆಗಳನ್ನು ಕಂಡುಹಿಡಿಯಬೇಕು. ಒಂಬತ್ತನ್ನೂ ಒಟ್ಟಿಗೆ ಹುಡುಕಹೊರಟರೆ ಗಣಕಕ್ಕೆ ಮುಗಿಯದ ಕೆಲಸ. ಯೆಫೆಂಗ್ ಝೆಂಗ್, ಡೋರಿನ್ ಕೊಮಾನಿಚು ಮತ್ತು ಸಂಗಡಿಗರು ಮೊದಲು ಸ್ಥಾನವನ್ನು ಅಂದಾಜಿಸಿ, ಉಳಿದ ಕೆಲವೇ ಸಾಧ್ಯತೆಗಳಲ್ಲಿ ಓರೆಯನ್ನು, ಆಮೇಲೆ ಗಾತ್ರವನ್ನು ಹುಡುಕುವ ಕ್ರಮ ಹಾಕಿಕೊಟ್ಟರು. ಇದನ್ನೇ ಮುಂದುವರಿಸಿ ರಜ್ವಾನ್ ಇಯೊನಾಸೆಕ್ ಮತ್ತಿತರರು 2010ರಲ್ಲಿ ಅಯೋರ್ಟಿಕ್ ಮತ್ತು ಮೈಟ್ರಲ್ ಕವಾಟಗಳ ಮಾದರಿಯನ್ನು, ಬಡಿತದೊಂದಿಗೆ ಅವು ಆಡುವ ಬಗೆಯನ್ನೂ ಸೇರಿಸಿ, ಸಿ.ಟಿ. ಮತ್ತು ಎಕೋ ಚಿತ್ರಗಳಿಂದ ಕಟ್ಟಿ ತೋರಿಸಿದರು.

2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದಿಂದ ಬಂದ ಯು-ನೆಟ್ ಎಂಬ ನರಜಾಲ ವಿನ್ಯಾಸ ಈ ಕ್ಷೇತ್ರದ ದಿಕ್ಕು ಬದಲಿಸಿತು. ಚಿತ್ರದ ಪ್ರತಿಯೊಂದು ಬಿಂದುವೂ ದಳವೋ ರಕ್ತವೋ ಹೃದಯದ ಗೋಡೆಯೋ ಎಂದು ಅದು ವಿಂಗಡಿಸುತ್ತದೆ. ಯಾವ ಲಕ್ಷಣ ನೋಡಬೇಕು ಎಂದು ಮನುಷ್ಯರು ಹೇಳಿಕೊಡಬೇಕಿಲ್ಲ, ಗುರುತು ಹಾಕಿದ ಚಿತ್ರಗಳಿಂದ ಜಾಲವೇ ಅದನ್ನು ಕಲಿಯುತ್ತದೆ. ಹೀಗಾಗಿ ಕಲಿಕೆಯ ಗುಣ ಬಹುಮಟ್ಟಿಗೆ ಕಲಿಸುವ ಚಿತ್ರಗಳ ಗುಣವನ್ನು ಅವಲಂಬಿಸುತ್ತದೆ. ಸಂಶೋಧಕರು ಹೆಚ್ಚಾಗಿ ಬಳಸುವ ಎಕೋ ಸಂಗ್ರಹಗಳಲ್ಲಿ ಒಂದು 2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಹೊರತಂದ ಎಕೋನೆಟ್-ಡೈನಮಿಕ್. ಅದರಲ್ಲಿ 10,030 ವಿಡಿಯೊಗಳಿವೆ. ಮತ್ತೊಂದು ಫ್ರಾನ್ಸಿನ ಸೇಂಟ್ ಎಟಿಯೆನ್ ಆಸ್ಪತ್ರೆಯ 500 ರೋಗಿಗಳ ಕ್ಯಾಮಸ್. ಎರಡೂ ಮುಖ್ಯವಾಗಿ ಎಡ ಹೃತ್ಕುಕ್ಷಿಯ ಪಂಪ್ ಶಕ್ತಿಯನ್ನು ಅಳೆಯಲು ಕಟ್ಟಿದವು. ರುಮ್ಯಾಟಿಕ್ ರೋಗದ ಕಡೆ ಹೊರಳಿದ ಕೆಲಸಗಳಲ್ಲಿ ಗಮನಿಸಬೇಕಾದ್ದು ವಾಷಿಂಗ್ಟನ್ನಿನ ಮಕ್ಕಳ ಆಸ್ಪತ್ರೆ ಚಿಲ್ಡ್ರನ್ಸ್ ನ್ಯಾಷನಲ್‌ನ ತಂಡದ್ದು. ಅವರು ಉಗಾಂಡದ ಮಕ್ಕಳ ಎಕೋಗಳಿಂದ ಮೈಟ್ರಲ್ ಸೋರಿಕೆಯನ್ನು ಪತ್ತೆಹಚ್ಚುವ ತಂತ್ರಾಂಶ ಕಟ್ಟಿದರು. ಬಡ ದೇಶದ ಕಾಯಿಲೆಗೆ ಬಡ ದೇಶದ ಚಿತ್ರಗಳೇ ಬೇಕು ಎಂಬುದಕ್ಕೆ ಅದು ಒಳ್ಳೆಯ ನಿದರ್ಶನ.

ರೋಗಿಯನ್ನು ಆರಿಸುವುದು

ಸೋರುವ ಮೈಟ್ರಲ್ ಕವಾಟಕ್ಕೆ ಬೇರೆ ಚಿಕಿತ್ಸೆಯಿದೆ. ಇಟಲಿಯ ಶಸ್ತ್ರವೈದ್ಯ ಒಟ್ಟಾವಿಯೊ ಆಲ್ಫಿಯೆರಿ 1990ರ ದಶಕದ ಆರಂಭದಲ್ಲಿ ಎರಡು ದಳಗಳ ನಡುಭಾಗವನ್ನು ಒಂದು ಹೊಲಿಗೆಯಿಂದ ಕೂಡಿಸಿ ಸೋರಿಕೆ ತಗ್ಗಿಸಿದರು. ಅದೇ ಕೆಲಸವನ್ನು ರಕ್ತನಾಳದ ಮೂಲಕ ಒಯ್ದ ಕ್ಲಿಪ್ಪಿನಿಂದ ಮಾಡುವುದು ಮೈಟ್ರಾಕ್ಲಿಪ್. ಮನುಷ್ಯರಲ್ಲಿ ಅದರ ಮೊದಲ ಬಳಕೆ 2003ರಲ್ಲಿ ಆಯಿತು, ಅಮೆರಿಕದಲ್ಲಿ 2013ರಲ್ಲಿ ಅನುಮೋದನೆ ಸಿಕ್ಕಿತು.

ಹೃದಯ ದೊಡ್ಡದಾಗಿ ಕವಾಟ ಸೋರುವವರಿಗೆ ಕ್ಲಿಪ್ ಉಪಯೋಗವೇ ಎಂಬ ಪ್ರಶ್ನೆಗೆ 2018ರಲ್ಲಿ ಎರಡು ದೊಡ್ಡ ಅಧ್ಯಯನಗಳು ವಿರುದ್ಧ ಉತ್ತರ ಕೊಟ್ಟವು. ಫ್ರಾನ್ಸಿನ ಮಿತ್ರಾ-ಎಫ್‌ಆರ್‌ನಲ್ಲಿ 304 ರೋಗಿಗಳಿದ್ದರು, ಪ್ರಯೋಜನ ಕಾಣಲಿಲ್ಲ. 614 ರೋಗಿಗಳ ಕೋಆ್ಯಪ್ಟ್ ಅಧ್ಯಯನದಲ್ಲಿ ಎರಡು ವರ್ಷದೊಳಗೆ ಸತ್ತವರ ಪ್ರಮಾಣ ಔಷಧಿ ಮಾತ್ರ ಪಡೆದವರಲ್ಲಿ ಶೇ. 46.1 ಇದ್ದರೆ, ಕ್ಲಿಪ್ ಹಾಕಿಸಿಕೊಂಡವರಲ್ಲಿ ಶೇ. 29.1. ಉಪಕರಣ ಒಂದೇ, ರೋಗಿಗಳು ಬೇರೆ. ಹೃದಯದ ಗಾತ್ರಕ್ಕೆ ಹೋಲಿಸಿದರೆ ಸೋರಿಕೆ ಹೆಚ್ಚಿದ್ದವರಿಗೆ ಕ್ಲಿಪ್ ಒಗ್ಗಿತು, ಹೃದಯವೇ ಹಿಗ್ಗಿ ಸೋತಿದ್ದವರಿಗೆ ಒಗ್ಗಲಿಲ್ಲ ಎಂಬ ವಿವರಣೆಯನ್ನು ಹಲವರು ಒಪ್ಪಿದ್ದಾರೆ. ಕ್ಲಿಪ್ ಹಾಕುವುದಕ್ಕಿಂತ ಯಾರಿಗೆ ಹಾಕುವುದು ಎಂಬುದೇ ಕಷ್ಟದ ತೀರ್ಮಾನ ಎಂದು ಇದರಿಂದ ಸ್ಪಷ್ಟವಾಯಿತು. ಸೋರಿಕೆಯ ಪ್ರಮಾಣ, ಹೃತ್ಕುಕ್ಷಿಯ ಗಾತ್ರ, ಪಂಪ್ ಶಕ್ತಿ ಮೂರನ್ನೂ ಎಲ್ಲ ರೋಗಿಗಳಲ್ಲೂ ಒಂದೇ ಬಗೆಯಲ್ಲಿ ಅಳೆಯುವ ತಂತ್ರಾಂಶಕ್ಕೆ ಇಲ್ಲಿ ನೇರ ಉಪಯೋಗವಿದೆ.

ಅಯೋರ್ಟಿಕ್ ಕವಾಟದಲ್ಲಿ ದುರಸ್ತಿಗಿಂತ ಬದಲಾವಣೆಯೇ ರೂಢಿ. ಫ್ರಾನ್ಸಿನ ರುವಾನ್‌ನಲ್ಲಿ ಅಲೆನ್ ಕ್ರಿಬಿಯೆ 2002ರ ಏಪ್ರಿಲ್ 16ರಂದು ಮೊದಲ ಬಾರಿಗೆ ಕ್ಯಾತಿಟರ್ ಮೂಲಕ ಹೊಸ ಕವಾಟ ಕೂರಿಸಿದರು. ಟಾವಿ ಎಂದು ಕರೆಯುವ ಈ ಚಿಕಿತ್ಸೆಗೆ ಗುಜರಾತಿನ ವಾಪಿಯ ಮೆರಿಲ್ ಕಂಪನಿ ಮೈವಾಲ್ ಎಂಬ ದೇಶೀ ಕವಾಟ ತಯಾರಿಸುತ್ತದೆ. ಟಾವಿಗೆ ಮುನ್ನ ಸಿ.ಟಿ.ಯಲ್ಲಿ ಉಂಗುರದ ಸುತ್ತಳತೆ, ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಬಾಯಿಯ ಎತ್ತರ, ಸುಣ್ಣದ ಹಂಚಿಕೆ ಅಳೆಯುವ ಕೆಲಸವನ್ನು ಯಂತ್ರ ಈಗಾಗಲೇ ಚೆನ್ನಾಗಿ ಮಾಡುತ್ತದೆ. ಸಿ.ಟಿ. ಚಿತ್ರ ಎಕೋಗಿಂತ ಸ್ಪಷ್ಟ, ಕವಾಟದ ಆಕಾರವೂ ಒಂದು ಮಟ್ಟಿಗೆ ನಿಯತ.

ಕ್ಯಾಥ್‌ಲ್ಯಾಬಿನಲ್ಲಿ

ಕ್ಯಾತಿಟರ್ ಚಿಕಿತ್ಸೆಯ ಕೋಣೆಯಾದ ಕ್ಯಾಥ್‌ಲ್ಯಾಬಿನಲ್ಲಿ, ಚಿಕಿತ್ಸೆ ನಡೆಯುತ್ತಿರುವಾಗಿನ ಮಾರ್ಗದರ್ಶನ ಬೇರೆಯೇ ಕಷ್ಟದ್ದು. ಎಕ್ಸ್-ರೇ ತೆರೆಯಲ್ಲಿ ಕ್ಯಾತಿಟರ್ ಎದ್ದು ಕಾಣುತ್ತದೆ, ಕವಾಟದ ದಳ ಕಾಣುವುದಿಲ್ಲ. ಅನ್ನನಾಳಕ್ಕೆ ಇಳಿಸಿದ ಎಕೋದಲ್ಲಿ ದಳ ಕಾಣುತ್ತದೆ, ಕ್ಯಾತಿಟರಿನ ಲೋಹ ನೆರಳು ಚೆಲ್ಲಿ ಅದರ ಹಿಂದಿನದನ್ನು ಮರೆಮಾಡುತ್ತದೆ. ಎರಡು ತೆರೆಗಳನ್ನು ಇಬ್ಬರು ವೈದ್ಯರು ನೋಡುತ್ತಾರೆ, ಬಾಯಿಮಾತಿನಲ್ಲಿ ದಿಕ್ಕು ಹೇಳಿಕೊಳ್ಳುತ್ತಾರೆ. ಮೈಟ್ರಾಕ್ಲಿಪ್ಪಿಗೆ ಹೃತ್ಕರ್ಣದ ಗೋಡೆಯನ್ನು ಕವಾಟದಿಂದ ಸುಮಾರು 4ರಿಂದ 4.5 ಸೆಂ.ಮೀ. ಎತ್ತರದಲ್ಲಿ ಚುಚ್ಚಬೇಕು. ತೀರ ಕೆಳಗೆ ಚುಚ್ಚಿದರೆ ಕ್ಲಿಪ್ ತಿರುಗಿಸಲು ಜಾಗ ಸಾಲದು. ಎಕ್ಸ್-ರೇಯಲ್ಲಿ ಎಕೋ ಕೊಳವೆ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಗಣಕವೇ ಗುರುತಿಸಿ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ವ್ಯವಸ್ಥೆಯನ್ನು ಫಿಲಿಪ್ಸ್ ಕಂಪನಿ ಎಕೋನ್ಯಾವಿಗೇಟರ್ ಎಂಬ ಹೆಸರಿನಲ್ಲಿ ಹೊರತಂದಿದೆ. ಎಕೋದಲ್ಲಿ ವೈದ್ಯರು ಇಟ್ಟ ಗುರುತು ಎಕ್ಸ್-ರೇ ತೆರೆಯ ಮೇಲೂ ಮೂಡುತ್ತದೆ.

ಸಣ್ಣ ಸೀಳಿನ ಮೂಲಕ ಎಂಡೋಸ್ಕೋಪ್ ಬಳಸಿ ಕವಾಟ ಹೊಲಿಯುವಾಗ ಸಮಸ್ಯೆ ಬೇರೆ. ಹೊಲಿಗೆಗಳು ಉಂಗುರದ ಸುತ್ತ ಸರಿಯಾದ ಜಾಗದಲ್ಲಿ ಬಿದ್ದಿವೆಯೇ ಎಂದು ವಿಡಿಯೊ ನೋಡಿ ಹೇಳಬೇಕು. ಜರ್ಮನಿಯ ಹೈಡೆಲ್‌ಬರ್ಗ್‌ನ ಸಂಶೋಧಕರು ಸಿಲಿಕೋನ್ ಕವಾಟಗಳ ಮೇಲೆ ವೈದ್ಯರು ಅಭ್ಯಾಸ ಮಾಡುವ ವಿಡಿಯೊಗಳನ್ನೂ ನಿಜವಾದ ಶಸ್ತ್ರಚಿಕಿತ್ಸೆಯ ವಿಡಿಯೊಗಳನ್ನೂ ಸೇರಿಸಿ ಹೊಲಿಗೆಯ ಬಿಂದುಗಳನ್ನು ಹುಡುಕುವ ಜಾಲಗಳಿಗೆ ತರಬೇತಿ ಕೊಟ್ಟಿದ್ದಾರೆ.

ಯಂತ್ರ ದಾರಿ ತೋರಿಸುವುದನ್ನು ದಾಟಿ ತಾನೇ ದಾರಿ ನಡೆದ ಪ್ರಯೋಗ ಬಾಸ್ಟನ್ ಮಕ್ಕಳ ಆಸ್ಪತ್ರೆಯದು. ಪಿಯರ್ ಡುಪಾಂಟ್ ಅವರ ತಂಡ ಅದನ್ನು 2019ರಲ್ಲಿ ಪ್ರಕಟಿಸಿತು. ಕೂರಿಸಿದ ಅಯೋರ್ಟಿಕ್ ಕವಾಟದ ಅಂಚಿನಲ್ಲಿ ಸೋರಿಕೆ ಇರುವ ಹಂದಿಗಳ ಹೃದಯದೊಳಗೆ ರೋಬಾಟ್ ಕ್ಯಾತಿಟರನ್ನು ಬಿಟ್ಟರು. ಅದರ ತುದಿಯಲ್ಲಿ ಪಾರದರ್ಶಕ ಹೊದಿಕೆಯೊಳಗೆ ಒಂದು ಪುಟ್ಟ ಕ್ಯಾಮೆರಾ, ದೀಪ. ಹೃದಯ ತುಂಬ ರಕ್ತವಿರುವುದರಿಂದ ದೂರದ್ದು ಏನೂ ಕಾಣುವುದಿಲ್ಲ. ತುದಿ ಯಾವುದಕ್ಕಾದರೂ ತಾಗಿದಾಗ ಮಾತ್ರ ಅದರ ಚಿತ್ರ ಸಿಗುತ್ತದೆ. ತಾಗಿರುವುದು ರಕ್ತವೋ ಹೃದಯದ ಗೋಡೆಯೋ ಕೃತಕ ಕವಾಟವೋ ಎಂದು ಯಂತ್ರಕಲಿಕೆಯ ತಂತ್ರಾಂಶ ಆ ಚಿತ್ರದಿಂದ ಹೇಳುತ್ತದೆ, ಎಷ್ಟು ಬಲವಾಗಿ ತಾಗಿದೆ ಎಂದೂ ಅಂದಾಜಿಸುತ್ತದೆ. ಕತ್ತಲಲ್ಲಿ ಗೋಡೆಗೆ ಮೀಸೆ ತಾಗಿಸಿಕೊಂಡು ಸಾಗುವ ಇಲಿಯ ಹಾಗೆ ಕ್ಯಾತಿಟರ್ ಗೋಡೆಯನ್ನು ಮುಟ್ಟುತ್ತ ಕವಾಟದವರೆಗೆ ಹೋಗಿ, ಅದರ ಅಂಚನ್ನು ಸುತ್ತಿ ಸೋರಿಕೆಯ ಜಾಗ ತಲುಪಿತು. ನುರಿತ ವೈದ್ಯರು ಕೈಯಿಂದ ಮಾಡಿದಷ್ಟೇ ಸಮಯದಲ್ಲಿ ಅದು ದಾರಿ ಮುಗಿಸಿತು. ಸೋರಿಕೆ ಮುಚ್ಚುವ ಸಾಧನವನ್ನು ಕೂರಿಸಿದ್ದು ಮಾತ್ರ ಮನುಷ್ಯರೇ.

ಜಿಗಣಿ ಸುತ್ತಮುತ್ತ

ಬೆಂಗಳೂರಿನ ಹೊರವಲಯದ ಕೈಗಾರಿಕಾ ಪಟ್ಟಿಯಲ್ಲಿ ಕವಾಟ ಚಿಕಿತ್ಸೆಯೂ ಅದಕ್ಕೆ ಬೇಕಾದ ಯಂತ್ರ ವಿದ್ಯೆಯೂ ಅಕ್ಕಪಕ್ಕದಲ್ಲೇ ಇವೆ. ಆನೇಕಲ್ ತಾಲ್ಲೂಕಿನ ಜಿಗಣಿ ಗ್ರಾನೈಟ್ ಪಾಲಿಶ್ ಘಟಕಗಳಿಗೆ, ಔಷಧಿ ಮತ್ತು ಯಂತ್ರಭಾಗಗಳ ಕಾರ್ಖಾನೆಗಳಿಗೆ ಹೆಸರಾದದ್ದು. ಅಲ್ಲಿಂದ ಲಿಂಕ್ ರಸ್ತೆ ಹಿಡಿದರೆ ಬೊಮ್ಮಸಂದ್ರ. ಡಾ. ದೇವಿ ಶೆಟ್ಟಿ ಈ ಶತಮಾನದ ಆರಂಭದಲ್ಲಿ ಕಟ್ಟಿದ ನಾರಾಯಣ ಹೃದಯಾಲಯ ಇರುವುದು ಅಲ್ಲಿ. ಹೆಚ್ಚು ಸಂಖ್ಯೆಯ ಶಸ್ತ್ರಚಿಕಿತ್ಸೆಯಿಂದ ಖರ್ಚು ತಗ್ಗಿಸುವ ಅದರ ಪದ್ಧತಿ ಜಗತ್ತಿನ ಗಮನ ಸೆಳೆದಿದೆ. ಆ ಸಮೂಹ ಈಗ ಇಸಿಜಿ ಚಿತ್ರದಿಂದ ಹೃದಯದ ಪಂಪ್ ಶಕ್ತಿ ಕುಗ್ಗಿರುವುದನ್ನು ಅಂದಾಜಿಸುವ ಮಾದರಿಯ ಮೇಲೂ ಕೆಲಸ ಮಾಡಿದೆ. ಜಿಗಣಿಯಿಂದ ಬನ್ನೇರುಘಟ್ಟ ರಸ್ತೆಗೆ ಸೇರಿ ನಗರದ ಕಡೆ ಬಂದರೆ ಜಯದೇವ ಆಸ್ಪತ್ರೆ. ವೈಟ್‌ಫೀಲ್ಡ್‌ನಲ್ಲಿ 2001ರಿಂದ ಹಣ ಪಡೆಯದೆ ಹೃದಯ ಚಿಕಿತ್ಸೆ ನೀಡುತ್ತಿರುವ ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಅದೇ ವೈಟ್‌ಫೀಲ್ಡ್‌ನಲ್ಲಿ 2000ದಲ್ಲಿ ತೆರೆದ ಜಿಇ ಕಂಪನಿಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರವಿದೆ. ಫಿಲಿಪ್ಸ್, ಸೀಮೆನ್ಸ್ ಹೆಲ್ತಿನಿಯರ್ಸ್ ಕಂಪನಿಗಳೂ ಬೆಂಗಳೂರಿನಲ್ಲಿ ದೊಡ್ಡ ತಂತ್ರಾಂಶ ಕೇಂದ್ರಗಳನ್ನು ಇಟ್ಟಿವೆ.

ಕವಾಟದ ಕಾಯಿಲೆಯವರು ಆಸ್ಪತ್ರೆಗೆ ಬರುವುದು ತಡವಾಗುತ್ತದೆ ಎಂಬುದು ಈ ಸೀಮೆಯ ದೊಡ್ಡ ಕೊರತೆ. ಕಾರ್ಖಾನೆಗೆ ವಲಸೆ ಬಂದ ಹೆಂಗಸು ದಮ್ಮು, ಸುಸ್ತು ಎಂದು ಹತ್ತಿರದ ಕ್ಲಿನಿಕ್ಕಿಗೆ ಹೋದರೆ ರಕ್ತಹೀನತೆಯ ಮಾತ್ರೆ ಸಿಗಬಹುದು, ಎಕೋ ಸಿಗುವುದು ಕಷ್ಟ. ಎಕೋ ಯಂತ್ರವನ್ನು ಹೇಗೆ ಹಿಡಿಯಬೇಕು ಎಂದು ತೆರೆಯ ಮೇಲೆ ತಿಳಿಸುತ್ತ ಹೋಗುವ ಕ್ಯಾಪ್ಷನ್ ಗೈಡೆನ್ಸ್ ತಂತ್ರಾಂಶಕ್ಕೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತು. ಎಕೋ ಮಾಡಿ ಗೊತ್ತಿಲ್ಲದ 8 ಮಂದಿ ನರ್ಸುಗಳು ಅದರ ನೆರವಿನಿಂದ 240 ರೋಗಿಗಳ ಎಕೋ ತೆಗೆದರು, ಬಹುತೇಕ ಚಿತ್ರಗಳು ತಜ್ಞರು ಓದುವಷ್ಟು ಚೆನ್ನಾಗಿ ಬಂದವು. ಆ ತಂತ್ರಾಂಶ ತಯಾರಿಸಿದ ಕಂಪನಿಯನ್ನು ಜಿಇ ಹೆಲ್ತ್‌ಕೇರ್ 2023ರಲ್ಲಿ ಕೊಂಡಿತು. ಕರ್ನಾಟಕ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಬೇಗ ಓದುವ ವ್ಯವಸ್ಥೆ ಇದೆ. ಅದು ಹೃದಯಾಘಾತಕ್ಕಾಗಿ ಮಾಡಿದ್ದು. ಅದೇ ಜಾಲದಲ್ಲಿ ಎಕೋವನ್ನೂ ಸೇರಿಸಿದರೆ ಕಿರಿದಾದ ಕವಾಟಗಳು ಬಲೂನಿಗೆ ಬಗ್ಗುವ ಹಂತದಲ್ಲೇ ಸಿಕ್ಕಾವು.

ಮಿತಿಗಳು, ನಿಯಮಗಳು

ಮೈಟ್ರಲ್ ಕವಾಟ ಕಿರಿದಾದವರಲ್ಲಿ ಎದೆಬಡಿತದ ಲಯ ತಪ್ಪುವುದು ಸಾಮಾನ್ಯ. ಒಂದೊಂದು ಬಡಿತವೂ ಒಂದೊಂದು ಉದ್ದ ಇರುವುದರಿಂದ, ಕ್ರಮಬದ್ಧ ಬಡಿತಗಳಿಂದ ಕಲಿತ ತಂತ್ರಾಂಶ ಎಡವುತ್ತದೆ. ಸುಣ್ಣ ಕಟ್ಟಿದ ಕಡೆ ಎಕೋದಲ್ಲಿ ನೆರಳು ಬೀಳುತ್ತದೆ, ನೆರಳಿನ ಹಿಂದಿನ ದಳವನ್ನು ಯಂತ್ರ ಊಹಿಸಿ ಬಿಡಿಸಿಬಿಡುತ್ತದೆ. ಊಹಿಸಿದ್ದು ಯಾವುದು, ಕಂಡದ್ದು ಯಾವುದು ಎಂದು ತೆರೆಯ ಮೇಲೆ ಬೇರ್ಪಡಿಸಿ ತೋರಿಸದ ತಂತ್ರಾಂಶವನ್ನು ಕ್ಯಾಥ್‌ಲ್ಯಾಬಿಗೆ ಬಿಟ್ಟುಕೊಳ್ಳಬಾರದು.

ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. 2020ರ ಏಪ್ರಿಲ್‌ನಿಂದ ಚಿಕಿತ್ಸೆಗೆ ಬಳಸುವ ತಂತ್ರಾಂಶವೂ ಸಾಧನವೆಂದೇ ಪರಿಗಣಿತ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಆರೋಗ್ಯ ಕ್ಷೇತ್ರದ ಕೃತಕ ಬುದ್ಧಿಮತ್ತೆಗೆ ನೈತಿಕ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂತು. ರೋಗಿಯ ಎಕೋ ಯಂತ್ರಕ್ಕೆ ಪಾಠವಾಗಬೇಕಾದರೆ ಹೆಸರು ಅಳಿಸಿದರಷ್ಟೇ ಸಾಲದು, ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಕೇಳಬೇಕು.

ಬಲೂನ್ ಚಿಕಿತ್ಸೆಯ ಮುಂಚಿನ ಎಕೋ, ನಂತರದ ಎಕೋ, ಕೆಲವು ವರ್ಷಗಳ ಮೇಲೆ ಆ ಕವಾಟ ಹೇಗಿದೆ ಎಂಬ ದಾಖಲೆ, ಈ ಮೂರೂ ಒಂದೆಡೆ ಇರುವ ರುಮ್ಯಾಟಿಕ್ ಸಂಗ್ರಹವನ್ನು ಕಟ್ಟಲು ಬೇಕಾದ ರೋಗಿಗಳು, ವೈದ್ಯರು, ಎಂಜಿನಿಯರುಗಳು ಬೊಮ್ಮಸಂದ್ರ, ಬನ್ನೇರುಘಟ್ಟ ರಸ್ತೆ, ವೈಟ್‌ಫೀಲ್ಡ್‌ಗಳ ನಡುವೆ ಇದ್ದಾರೆ. ಇಂಥ ಸಂಗ್ರಹ ಕರ್ನಾಟಕದ ಆಸ್ಪತ್ರೆಗಳು ಸೇರಿ ಮಾಡಬೇಕಾದ ಕೆಲಸ. ಅದು ಆಗುವವರೆಗೆ ಹೊರಗಿನ ಕವಾಟಗಳಿಂದ ಕಲಿತ ತಂತ್ರಾಂಶವನ್ನು ಇಲ್ಲಿನ ರೋಗಿಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸದೆ ನಂಬುವಂತಿಲ್ಲ.